ಮನೆಯೇ ಶಾಲೆ ಆದರೆ, ಗಮನಿಸೋರು ಯಾರು?

ನಮ್ಮ ಮನೆಗಳಲ್ಲಿ ತುಂಬಾ ಸಲ ಕೇಳಿಬರೋ ಒಂದು ಮಾತಿದೆ. "ಹುಡುಗ ಹುಷಾರಿದ್ದಾನೆ, ಆದರೆ ಓದಲ್ಲ." ನೆಂಟರು ಬಂದಾಗ ಅಪ್ಪ ಹೇಳ್ತಾರೆ. ಪೇರೆಂಟ್ಸ್ ಮೀಟಿಂಗ್‌ನಲ್ಲಿ ಟೀಚರ್ ಹೇಳ್ತಾರೆ. ಟ್ಯೂಷನ್ ಮೇಷ್ಟ್ರೂ ಅದನ್ನೇ ಹೇಳ್ತಾರೆ. ಹುಡುಗ ಕೆಟ್ಟುಹೋದ ರಿಮೋಟ್ ಬಿಚ್ಚಿ ರಿಪೇರಿ ಮಾಡ್ತಾನೆ. ಐಪಿಎಲ್ ಸ್ಕೋರು ಬಾಯಿಪಾಠ. ಅಜ್ಜಿ ಹೇಳಿದ ಕಥೆಯನ್ನ ಒಂದು ಮಾತೂ ಬಿಡದೆ ತಿರುಗಿ ಹೇಳ್ತಾನೆ. ಪುಸ್ತಕ ಮುಂದಿಟ್ಟರೆ ಮಾತ್ರ ಹೊಟ್ಟೆನೋವು ಬರುತ್ತೆ, ನೀರಡಿಕೆ ಆಗುತ್ತೆ, ಪೆನ್ಸಿಲ್ಲು ಕಳೆದುಹೋಗುತ್ತೆ.

ಆ ಮಾತಿನಲ್ಲಿ ಎರಡು ಭಾಗ ಇದೆ, ಗಮನಿಸಿ. ಹುಷಾರಿದ್ದಾನೆ ಅನ್ನೋದು ಒಂದು, ಓದಲ್ಲ ಅನ್ನೋದು ಇನ್ನೊಂದು. ಹುಷಾರಿರೋ ಮಗು ಯಾಕೆ ಓದ್ತಿಲ್ಲ ಅಂತ ಯಾರೂ ಕೇಳಲ್ಲ. ಸೋಮಾರಿ ಅಂತ ಹಣೆಪಟ್ಟಿ ಹಚ್ಚಿ ಮುಂದಕ್ಕೆ ಹೋಗ್ತೀವಿ.

ಇವತ್ತು ನಾನು ಮಾತಾಡೋಕೆ ಹೊರಟಿರೋದು ಈ ಮಕ್ಕಳ ಪೈಕಿ ಇನ್ನೂ ಮರೆಯಲ್ಲಿರೋ ಒಂದು ಗುಂಪಿನ ಬಗ್ಗೆ. ಶಾಲೆಗೆ ಹೋಗದೆ ಮನೆಯಲ್ಲೇ ಓದೋ ಮಕ್ಕಳು. ಹೋಮ್‌ಸ್ಕೂಲಿಂಗ್ ಅಂತೀವಲ್ಲ, ಆ ಮಕ್ಕಳು. ಅವರಲ್ಲಿ ಯಾರಿಗಾದರೂ ಕಲಿಕಾ ನ್ಯೂನತೆ ಇದ್ದರೆ ಅದನ್ನ ಕಂಡುಹಿಡಿಯೋರು ಯಾರು? ಕಂಡುಹಿಡಿದ ಮೇಲೆ ಮಾಡಬೇಕಾದ್ದೇನು?

ಮೊದಲು ಹೋಮ್‌ಸ್ಕೂಲಿಂಗ್ ವಿಚಾರ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಶಾಲೆಗಳು ಬಾಗಿಲು ಹಾಕಿದವು. ಅಲ್ಲಿಯವರೆಗೆ ತರಗತಿಯಲ್ಲಿ ಏನು ನಡೆಯುತ್ತೆ ಅಂತ ಅಪ್ಪ-ಅಮ್ಮನಿಗೆ ಗೊತ್ತೇ ಇರಲಿಲ್ಲ. ಆಮೇಲೆ ತರಗತಿ ಮನೆಯ ಹಾಲ್‌ಗೇ ಬಂತು. ಕೆಲವರಿಗೆ, ಇಷ್ಟನ್ನ ನಾವೇ ಇನ್ನೂ ಚೆನ್ನಾಗಿ ಹೇಳಿಕೊಡಬಹುದಲ್ಲ ಅನ್ನಿಸಿತು. ಬೆಂಗಳೂರಿನಂಥ ಊರುಗಳಲ್ಲಿ ಅದಕ್ಕೂ ಮೊದಲೇ ಹೀಗೆ ಕಲಿಸುತ್ತಿದ್ದ ಕುಟುಂಬಗಳು ಇದ್ದವು. ಇದು ಒಂದು ವರ್ಗ. ಇವರು ಇಷ್ಟಪಟ್ಟು ಈ ದಾರಿಗೆ ಬಂದವರು.

ಇನ್ನೊಂದು ವರ್ಗ ಇದೆ. ಇವರದ್ದು ಆಯ್ಕೆ ಅಲ್ಲ, ಅನಿವಾರ್ಯ. ಶಾಲೆಯವರು ಕರೆಸಿ, "ನಿಮ್ಮ ಮಗ ನಮ್ಮ ಸ್ಪೀಡಿಗೆ ಹೊಂದಿಕೊಳ್ತಿಲ್ಲ, ಬೇರೆ ಕಡೆ ನೋಡ್ಕೊಳ್ಳಿ" ಅಂತ ನಯವಾಗಿ ಹೇಳಿ ಕಳಿಸಿರ್ತಾರೆ. ಮಗು ದಿನಾ ಬೆಳಿಗ್ಗೆ ಯೂನಿಫಾರಂ ನೋಡಿದ ಕೂಡಲೇ ಅಳೋಕೆ ಶುರು ಮಾಡಿರುತ್ತೆ. ಒಂದು ದಿನ ಅಮ್ಮ, ಸಾಕು, ನನ್ನ ಕಣ್ಣ ಮುಂದೆಯೇ ಓದಲಿ ಅಂತ ಟಿಸಿ ತಗೊಂಡು ಬರ್ತಾರೆ. ಇವರ ಪೈಕಿ ಎಷ್ಟೋ ಮಕ್ಕಳು ಶಾಲೆ ಬಿಟ್ಟಿದ್ದಕ್ಕೆ ಕಾರಣವೇ ಯಾರೂ ಗುರುತಿಸದ ಕಲಿಕಾ ನ್ಯೂನತೆ ಆಗಿರಬಹುದು. ಶಾಲೆಯನ್ನೇನೋ ಬಿಟ್ಟು ಬಂದಾಯ್ತು. ತೊಂದರೆ ಮಗುವಿನ ಜೊತೆಯಲ್ಲೇ ಮನೆಗೆ ಬಂದಿರುತ್ತೆ.

ಕಾನೂನು ಏನು ಹೇಳುತ್ತೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ ಮಗುವನ್ನ ಹತ್ತಿರದ ಶಾಲೆಗೆ ಸೇರಿಸೋದು ಪೋಷಕರ ಕರ್ತವ್ಯ. ಸೇರಿಸದಿದ್ದರೆ ಇಂಥ ಶಿಕ್ಷೆ ಅಂತ ಆ ಕಾಯ್ದೆಯಲ್ಲಿ ಬರೆದಿಲ್ಲ. 2012ರಲ್ಲಿ ಒಂದು ತಿದ್ದುಪಡಿ ಬಂತು. ತೀವ್ರ ಅಂಗವೈಕಲ್ಯ ಅಥವಾ ಬಹುವಿಧ ಅಂಗವೈಕಲ್ಯ ಇರೋ ಮಕ್ಕಳು ಮನೆಯಲ್ಲೇ ಶಿಕ್ಷಣ ಪಡೆಯೋ ಹಕ್ಕನ್ನ ಆಯ್ಕೆ ಮಾಡ್ಕೋಬಹುದು ಅಂತ ಸೇರಿಸಿದರು. ಅದು ಆ ಮಕ್ಕಳಿಗೆ. ಉಳಿದಂತೆ, ಮನೆಯಲ್ಲೇ ಓದಿಸ್ತೀನಿ ಅನ್ನೋ ಸಾಮಾನ್ಯ ಕುಟುಂಬ ಇವತ್ತಿಗೂ ಅತ್ತ ಒಪ್ಪಿಗೆಯೂ ಇಲ್ಲದ, ಇತ್ತ ಶಿಕ್ಷೆಯೂ ಇಲ್ಲದ ಜಾಗದಲ್ಲಿ ನಿಂತಿದೆ. ಈ ನಡುವಿನ ಜಾಗದಿಂದ ಮಗುವಿಗೆ ಒಂದು ದೊಡ್ಡ ನಷ್ಟ ಇದೆ. ಅದಕ್ಕೆ ಆಮೇಲೆ ಬರ್ತೀನಿ.

ಈಗ ಕಲಿಕಾ ನ್ಯೂನತೆ ಅಂದರೇನು? 2007ರಲ್ಲಿ ಅಮೀರ್ ಖಾನ್ ಅವರ 'ತಾರೇ ಜಮೀನ್ ಪರ್' ಸಿನಿಮಾ ಬಂದ ಮೇಲೆ ಡಿಸ್‌ಲೆಕ್ಸಿಯಾ ಅನ್ನೋ ಪದ ನಮ್ಮ ಮನೆಗಳಿಗೂ ಬಂತು. ಆದರೆ ವಿಷಯ ಹಳೇದು. 1896ರಲ್ಲಿ ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ ಅನ್ನೋ ವೈದ್ಯರು 14 ವರ್ಷದ ಒಬ್ಬ ಹುಡುಗನ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಹುಡುಗ ಬುದ್ಧಿವಂತ, ಕಣ್ಣು ಸರಿಯಾಗಿದೆ, ಲೆಕ್ಕ ಬರುತ್ತೆ, ಆದರೆ ಓದೋಕೆ ಬರಲ್ಲ. ಪಾಠವೆಲ್ಲ ಬರೀ ಬಾಯಿಮಾತಲ್ಲೇ ನಡೆದಿದ್ದರೆ ಇಡೀ ಶಾಲೆಗೆ ಇವನೇ ಜಾಣ ಆಗಿರುತ್ತಿದ್ದ ಅಂತ ಅವನ ಮೇಷ್ಟ್ರು ಹೇಳಿದ್ದರಂತೆ. ನೂರಿಪ್ಪತ್ತು ವರ್ಷಕ್ಕೂ ಹಿಂದಿನ ಆ ಮೇಷ್ಟ್ರ ಮಾತು, ನಮ್ಮ "ಹುಷಾರಿದ್ದಾನೆ, ಆದರೆ ಓದಲ್ಲ" ಅನ್ನೋ ಮಾತು, ಎರಡೂ ಒಂದೇ ಅಲ್ವಾ?

ಈ ತೊಂದರೆಗಳಿಗೆಲ್ಲ ಸೇರಿ 'ಲರ್ನಿಂಗ್ ಡಿಸಬಿಲಿಟಿ' ಅನ್ನೋ ಹೆಸರು ಚಾಲ್ತಿಗೆ ಬಂದಿದ್ದು 1963ರಲ್ಲಿ, ಅಮೆರಿಕದ ಸ್ಯಾಮ್ಯುಯೆಲ್ ಕಿರ್ಕ್ ಅವರಿಂದ. ಓದೋದರಲ್ಲಿ ತೊಂದರೆ ಇದ್ದರೆ ಡಿಸ್‌ಲೆಕ್ಸಿಯಾ. ಬರೆಯೋದರಲ್ಲಿ ಇದ್ದರೆ ಡಿಸ್‌ಗ್ರಾಫಿಯಾ. ಲೆಕ್ಕದಲ್ಲಿ ಇದ್ದರೆ ಡಿಸ್‌ಕ್ಯಾಲ್ಕುಲಿಯಾ. ಒಂದೇ ಮಗುವಿಗೆ ಎರಡು ಒಟ್ಟಿಗೆ ಇರಬಹುದು. ಇದು ಬುದ್ಧಿಮಾಂದ್ಯ ಅಲ್ಲ. ಹೊಡೆದರೆ ಹೋಗಲ್ಲ, ಮಾತ್ರೆ ತಗೊಂಡರೂ ಹೋಗಲ್ಲ. ಮಿದುಳು ಅಕ್ಷರವನ್ನೂ ಸದ್ದನ್ನೂ ಜೋಡಿಸೋ ರೀತಿಯಲ್ಲೇ ಇರೋ ವ್ಯತ್ಯಾಸ ಇದು. ಕುಟುಂಬದಲ್ಲಿ ಹರಿದು ಬರೋದೂ ಉಂಟು. ಮಗನ ತೊಂದರೆ ಡಾಕ್ಟರ್ ಬಾಯಲ್ಲಿ ಕೇಳ್ತಾ, ಸರ್, ನಂಗೂ ಚಿಕ್ಕಂದಿನಲ್ಲಿ ಹೀಗೇ ಆಗ್ತಿತ್ತು ಅಂತ ಅಪ್ಪನಿಗೆ ಅಲ್ಲೇ ಹೊಳೆಯೋದೂ ಇದೆ.

ನಮ್ಮ ದೇಶದ ಕಾನೂನಿಗೆ ಇದು ಗೊತ್ತಾಗೋಕೆ ತುಂಬಾ ಕಾಲ ಬೇಕಾಯ್ತು. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳೇ ಏಳು ವೈಕಲ್ಯಗಳಿದ್ದವು, ಇದು ಇರಲಿಲ್ಲ. 2016ರ ಹೊಸ ಕಾಯ್ದೆಯಲ್ಲಿ ಪಟ್ಟಿ 21ಕ್ಕೆ ಏರಿತು. ಆಗ 'ನಿರ್ದಿಷ್ಟ ಕಲಿಕಾ ನ್ಯೂನತೆ' ಒಳಗೆ ಬಂತು.

ಈಗ ಮನೆಗೆ ಬರೋಣ. ಮನೆಯಲ್ಲಿ ಇದನ್ನ ಗುರುತಿಸೋದು ಯಾಕೆ ಕಷ್ಟ?

ಶಾಲೆಯಲ್ಲಿ ಒಂದು ತರಗತಿಗೆ ನಲವತ್ತು ಮಕ್ಕಳಿರ್ತಾರೆ. ಮೂವತ್ತೈದು ಮಕ್ಕಳು ಸಲೀಸಾಗಿ ಓದೋ ಸಾಲನ್ನ ಒಂದು ಮಗು ಓದೋಕೆ ಒದ್ದಾಡ್ತಿದ್ದರೆ ಅದು ಎದ್ದು ಕಾಣುತ್ತೆ. ಟೀಚರ್ ಅದನ್ನ ಸೋಮಾರಿತನ ಅಂತ ತಪ್ಪಾಗಿ ತಿಳಿಯಬಹುದು, ಆದರೆ ಕಾಣೋದಂತೂ ನಿಜ. ಮನೆಯಲ್ಲಿ ಇರೋದು ಒಂದೇ ಮಗು. ಪಕ್ಕದಲ್ಲಿ ಹೋಲಿಸೋಕೆ ಯಾರೂ ಇಲ್ಲ. ಅದರ ಮೇಲೆ ಹೋಮ್‌ಸ್ಕೂಲಿಂಗ್ ಮಾಡೋರ ಒಂದು ನಂಬಿಕೆ ಇದೆ. ಮಗು ಅದರದೇ ವೇಗದಲ್ಲಿ ಕಲೀಲಿ ಅಂತ. ಒಳ್ಳೆಯ ನಂಬಿಕೆ. ಆರು ವರ್ಷಕ್ಕೆ ಓದದ ಮಗು ಏಳೂವರೆಗೆ ಓದಬಹುದು, ಅದರಲ್ಲಿ ಗಾಬರಿ ಆಗೋಂಥದ್ದೇನಿಲ್ಲ. ಆದರೆ ಮಗುವಿಗೋಸ್ಕರ ಕಾಯೋದು ಬೇರೆ, ಮಗುವನ್ನ ಗಮನಿಸದೇ ಇರೋದು ಬೇರೆ. ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಅಪಾಯ ಇರೋದು ಅಲ್ಲಿ.

ನಾನು ಇಂಜಿನಿಯರಿಂಗ್ ಓದಿ ಟಿವಿಗೆ ಬಂದವನು. ಅಲ್ಲಿ ಕಲಿತ ಒಂದು ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತೆ. ಪ್ರೋಗ್ರಾಂ ಬರೆದವನಿಗೆ ತನ್ನ ಕೋಡ್‌ನಲ್ಲಿರೋ ತಪ್ಪು ಬೇಗ ಕಾಣಲ್ಲ. ಏನು ಇರಬೇಕು ಅಂತ ಅವನಿಗೆ ಗೊತ್ತಿರೋದರಿಂದ, ಇಲ್ಲದ್ದನ್ನೂ ಇದೆ ಅಂತಲೇ ಓದಿಕೊಂಡು ಹೋಗ್ತಾನೆ. ಅದಕ್ಕೇ ಕಂಪನಿಗಳಲ್ಲಿ ಬರೆಯೋರು ಬೇರೆ, ಟೆಸ್ಟ್ ಮಾಡೋರು ಬೇರೆ. ಮನೆಯಲ್ಲಿ ಪಾಠ ಮಾಡೋದೂ ಅಮ್ಮ, ಪರೀಕ್ಷೆ ಮಾಡೋದೂ ಅಮ್ಮ, ಮಗು ತಡವರಿಸಿದರೆ ಪದ ಎತ್ತಿಕೊಡೋದೂ ಅಮ್ಮ.

ಪರೀಕ್ಷೆಗಳ ಬಗ್ಗೆ ಒಂದು ಫೋನ್-ಇನ್ ಕಾರ್ಯಕ್ರಮ ಮಾಡಿದ್ದೆವು. ಮುಗಿದ ಮೇಲೆ ಒಬ್ಬ ತಾಯಿ ಫೋನ್ ಮಾಡಿದರು. ಊರು, ಹೆಸರು ಬೇಡ. "ಸರ್, ನನ್ನ ಮಗಳಿಗೆ ಹತ್ತು ವರ್ಷ. ಎರಡನೇ ಕ್ಲಾಸಲ್ಲಿ ಶಾಲೆ ಬಿಡಿಸಿದ್ವಿ. ನಾನೇ ಪಾಠ ಮಾಡ್ತೀನಿ. ನಾನು ಓದ್ತೀನಿ, ಅವಳು ಕೇಳ್ತಾಳೆ. ಪ್ರಶ್ನೆ ಕೇಳಿದರೆ ಪಟಪಟ ಅಂತ ಉತ್ತರ ಹೇಳ್ತಾಳೆ. ಎಲ್ಲಾ ಸರಿ ಇದೆ ಅಂದ್ಕೊಂಡಿದ್ದೆ. ಮೊನ್ನೆ ಬಸ್‌ಸ್ಟ್ಯಾಂಡಲ್ಲಿ, ಆ ಬಸ್ ಎಲ್ಲಿಗೆ ಹೋಗುತ್ತೆ ಬೋರ್ಡ್ ನೋಡು ಪುಟ್ಟಿ ಅಂದೆ. ಸುಮ್ಮನೆ ನಿಂತಳು ಸರ್. ಕನ್ನಡದ ಬೋರ್ಡು. ಮೂರು ಅಕ್ಷರ. ಓದೋಕೆ ಬರಲಿಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಕೇಳಿದರು, "ಪಾಠ ಮಾಡಿದ್ದು ನಾನೇ ಅಲ್ವಾ ಸರ್, ತಪ್ಪು ನಂದೇನಾ?"

ಈ ಪ್ರಶ್ನೆಗೆ ಎಲ್ಲರಿಗೂ ಕೇಳೋ ಹಾಗೆ ಇಲ್ಲಿ ಉತ್ತರ ಹೇಳ್ತೀನಿ. ಇಲ್ಲಮ್ಮ, ತಪ್ಪು ನಿಮ್ಮದಲ್ಲ. ಕಲಿಕಾ ನ್ಯೂನತೆ ಅಮ್ಮನ ಪಾಠದಿಂದ ಬರಲ್ಲ. ಶಾಲೆಯಲ್ಲೇ ಇದ್ದಿದ್ದರೂ ಅದು ಇರುತ್ತಿತ್ತು. ಆದರೆ ಇಷ್ಟು ಮಾತ್ರ ನಿಜ. ನೀವು ಓದಿ ಹೇಳಿ, ಅವಳು ಕೇಳಿ ಕಲಿತು, ಇಬ್ಬರೂ ಸೇರಿ ಆ ತೊಂದರೆಯನ್ನ ಗೊತ್ತಿಲ್ಲದೆ ಮುಚ್ಚಿಟ್ಟಿರಿ. ಅವಳ ಕಿವಿ ಚುರುಕಾಗಿದ್ದರಿಂದ ಕಣ್ಣಿಗೆ ಕೆಲಸವೇ ಬೀಳಲಿಲ್ಲ. ಆ ಹುಡುಗಿಗೆ ಆಮೇಲೆ ತಪಾಸಣೆ ಆಯ್ತು, ಡಿಸ್‌ಲೆಕ್ಸಿಯಾ ಅಂತ ಗೊತ್ತಾಯ್ತು, ತರಬೇತಿ ಶುರುವಾಗಿದೆ. ಎಂಟು ವರ್ಷಕ್ಕೇ ಗೊತ್ತಾಗಿದ್ದರೆ ಎರಡು ವರ್ಷ ಉಳೀತಿತ್ತು.

ಹಾಗಾದರೆ ಏನನ್ನ ಗಮನಿಸಬೇಕು? ಅಂತರ್ಜಾಲದಲ್ಲಿ ಹುಡುಕಿದರೆ ಸಿಗೋ ಪಟ್ಟಿಗಳೆಲ್ಲ ಇಂಗ್ಲಿಷಿನವು. ಬಿ ಮತ್ತು ಡಿ ಅಕ್ಷರ ಅದಲುಬದಲು ಮಾಡ್ತಾನಾ ಅಂತ ಕೇಳ್ತವೆ. ಕನ್ನಡದ ಮಗುವಿಗೆ ಕನ್ನಡದ್ದೇ ಲಕ್ಷಣ ಬೇಕಲ್ವಾ?

ಇಂಗ್ಲಿಷಿನಲ್ಲಿ 26 ಅಕ್ಷರ. ನಮ್ಮ ವರ್ಣಮಾಲೆಯಲ್ಲಿ 49. ಅಷ್ಟಕ್ಕೇ ಮುಗಿಯಲ್ಲ. 34 ವ್ಯಂಜನಕ್ಕೂ ಕಾಗುಣಿತ ಇದೆ, ಅದರ ಮೇಲೆ ಒತ್ತಕ್ಷರ ಇದೆ. ಮಗು ಗುರುತು ಹಿಡಿಯಬೇಕಾದ ರೂಪಗಳು ನೂರಾರು. ಕನ್ನಡದ ಮಕ್ಕಳು ಓದು ಕಲಿಯೋ ಬಗ್ಗೆ ಬೆಂಗಳೂರಿನಲ್ಲಿ ಕೆಲಸ ಮಾಡಿದ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕನ್ನಡದ ಅಕ್ಷರಗಳ ಮೇಲೆ ಪೂರ್ತಿ ಹಿಡಿತ ಬರೋಕೆ ಮಕ್ಕಳಿಗೆ ಮೊದಲೆರಡು ವರ್ಷ ಸಾಲಲ್ಲ, ನಾಲ್ಕನೇ ತರಗತಿವರೆಗೂ ಆ ಕಲಿಕೆ ನಡೀತಾನೇ ಇರುತ್ತೆ ಅಂತ ಅದರಲ್ಲಿ ತೋರಿಸಿದರು. ಅಂದರೆ ಎರಡನೇ ತರಗತಿಯ ವಯಸ್ಸಿನ ಮಗು ಒತ್ತಕ್ಷರದಲ್ಲಿ ಎಡವಿದರೆ ಅದು ರೋಗ ಅಲ್ಲ, ಸಹಜ. ಮಾರನೇ ದಿನವೇ ಆಸ್ಪತ್ರೆಗೆ ಓಡಬೇಡಿ.

ಗಮನಿಸಬೇಕಾದ್ದು ಇದು. ದಿನಾ ಹೇಳಿಕೊಟ್ಟರೂ, ತಿಂಗಳುಗಟ್ಟಲೆ ಹೇಳಿಕೊಟ್ಟರೂ ಕಾಗುಣಿತದ ಗುರುತುಗಳು ನಿಲ್ಲುತ್ತಿಲ್ಲ. ನಿನ್ನೆ ಬಂದ ಅಕ್ಷರ ಇವತ್ತು ಇಲ್ಲ. 'ಕಾಲು' ಅಂತ ಇದ್ದದ್ದು 'ಕಲು' ಆಗುತ್ತೆ. 'ಕತ್ತೆ' ಅಂತ ಇದ್ದದ್ದು 'ಕತೆ' ಆಗುತ್ತೆ, ವಾಕ್ಯಕ್ಕೆ ಅರ್ಥ ಇಲ್ಲದಿದ್ದರೂ ಮಗುವಿಗೆ ಗೊತ್ತಾಗಲ್ಲ. 'ಸೂರ್ಯ' ಬರೆಯುವಾಗ ಅರ್ಕಾವೊತ್ತು ಅಕ್ಷರದ ಆಚೆ ಬರುತ್ತೆ, ಸದ್ದು ಮಾತ್ರ ಮೊದಲು ಬರುತ್ತೆ. ಎಲ್ಲ ಮಕ್ಕಳೂ ಅಲ್ಲಿ ಸ್ವಲ್ಪ ದಿನ ತಡವರಿಸ್ತಾರೆ. ಒಂಬತ್ತು ವರ್ಷ ಆದರೂ ಅಲ್ಲೇ ಸಿಕ್ಕಿಹಾಕಿಕೊಂಡಿದ್ದರೆ ಯೋಚನೆ ಮಾಡಿ. ಮೊದಲ ಅಕ್ಷರ ನೋಡಿ ಉಳಿದಿದ್ದನ್ನ ಊಹೆ ಮಾಡೋದು, ಒಂದೊಂದೇ ಅಕ್ಷರ ಕೂಡಿಸಿ ಓದಿ ಪದದ ಕೊನೆಗೆ ಬರೋಷ್ಟರಲ್ಲಿ ಮೊದಲಿನದ್ದು ಮರೆತುಹೋಗೋದು, ಸಾಲು ತಪ್ಪೋದು, ಪುಸ್ತಕ ನೋಡಿ ನಕಲು ಮಾಡುವಾಗಲೂ ಅಕ್ಷರ ಬಿಡೋದು, ಇವೆಲ್ಲ ಸೂಚನೆಗಳು.

ಕನ್ನಡದ ಇನ್ನೊಂದು ವಿಶೇಷ ಇದೆ. ಬರೆದ ಹಾಗೇ ಓದ್ತೀವಿ. ಹಾಗಾಗಿ ಡಿಸ್‌ಲೆಕ್ಸಿಯಾ ಇರೋ ಕೆಲವು ಮಕ್ಕಳು ಕನ್ನಡವನ್ನ ತಪ್ಪಿಲ್ಲದೆ ಓದಬಹುದು, ಆದರೆ ತೀರಾ ನಿಧಾನವಾಗಿ ಓದ್ತಾರೆ. ತೊಂದರೆ ಪೂರ್ತಿ ಬಯಲಾಗೋದು ಇಂಗ್ಲಿಷಿಗೆ ಬಂದಾಗ. ಅಲ್ಲಿ ಬರೆಯೋದೊಂದು, ಓದೋದೊಂದು. ಆಗ ಮನೆಯವರು, ಕನ್ನಡ ಬರುತ್ತಲ್ಲ, ಇಂಗ್ಲಿಷ್ ಮೇಲೆ ಗಮನ ಇಲ್ಲ ಅಷ್ಟೇ ಅಂದುಬಿಡ್ತಾರೆ. ಅದಕ್ಕೇ ತಪ್ಪು ಎಣಿಸೋದರ ಜೊತೆಗೆ ಸಮಯವನ್ನೂ ನೋಡಿ. ಲೆಕ್ಕದ ವಿಚಾರಕ್ಕೆ ಬಂದರೆ, ಒಂಬತ್ತು-ಹತ್ತು ವರ್ಷಕ್ಕೂ ಬೆರಳು ಬಿಟ್ಟು ಕೂಡೋಕೆ ಆಗದಿರೋದು, 41 ಮತ್ತು 14 ಒಂದೇ ಅನ್ನಿಸೋದು, ಗಡಿಯಾರ ನೋಡೋಕೆ, ಅಂಗಡಿಯಲ್ಲಿ ಚಿಲ್ಲರೆ ಎಣಿಸೋಕೆ ಬರದಿರೋದನ್ನ ಗಮನಿಸಿ.

ಒಂದು ಕೆಲಸ ಮಾಡಿ. ಹತ್ತು ರೂಪಾಯಿಯ ಒಂದು ನೋಟ್‌ಬುಕ್ ತಗೊಳ್ಳಿ. ಮೂರು ತಿಂಗಳು, ವಾರಕ್ಕೊಂದು ದಿನ, ಮಗು ಹಿಂದೆ ನೋಡಿರದ ಒಂದು ಪ್ಯಾರಾ ಓದಿಸಿ. ಎಷ್ಟು ನಿಮಿಷ ಆಯ್ತು, ಯಾವ ಪದಕ್ಕೆ ಏನು ಓದಿದ ಅಂತ ದಿನಾಂಕ ಹಾಕಿ ಬರೆದಿಡಿ. ನೀವು ಪದ ಎತ್ತಿಕೊಡಬೇಡಿ. ನಾಲ್ಕು ಸಾಲು ಉಕ್ತಲೇಖನ ಕೊಟ್ಟು ಆ ಹಾಳೆಯನ್ನೂ ಇಟ್ಟುಕೊಳ್ಳಿ. ನಿಧಾನಕ್ಕೆ ಮುಂದಕ್ಕೆ ಹೋಗ್ತಿದ್ದರೆ ನೆಮ್ಮದಿಯಾಗಿರಿ. ಮೂರು ತಿಂಗಳ ಹಿಂದೆ ಎಲ್ಲಿತ್ತೋ ಅಲ್ಲೇ ನಿಂತಿದ್ದರೆ ತಪಾಸಣೆಗೆ ಹೋಗಿ. ಆ ನೋಟ್‌ಬುಕ್ ಜೊತೆಗೆ ತಗೊಂಡು ಹೋಗಿ, ಏಕೆಂದರೆ ಡಾಕ್ಟರ್ ಮುಂದೆ ಇಡೋಕೆ ನಿಮ್ಮ ಹತ್ತಿರ ಶಾಲೆಯ ರಿಪೋರ್ಟ್ ಕಾರ್ಡ್ ಇರಲ್ಲ. ಅದಕ್ಕೂ ಮೊದಲು ಕಣ್ಣು ಮತ್ತು ಕಿವಿ ತಪಾಸಣೆ ಆಗಿರಲಿ. ಕನ್ನಡಕ ಬೇಕಿದ್ದ ಮಗುವಿಗೆ ಡಿಸ್‌ಲೆಕ್ಸಿಯಾ ಅನ್ನೋದು ಬೇಡ.

ಎಲ್ಲಿಗೆ ಹೋಗಬೇಕು? ಈ ವಿಷಯದಲ್ಲಿ ಕರ್ನಾಟಕದವರು ಅದೃಷ್ಟವಂತರು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ನಾವೆಲ್ಲ 'ಐಶ್' ಅಂತ ಕರೀತೀವಲ್ಲ ಅದು. ಎರಡೂ ಕೇಂದ್ರ ಸರ್ಕಾರದ ಸಂಸ್ಥೆಗಳು. 2018ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ ಕಲಿಕಾ ನ್ಯೂನತೆ ಪತ್ತೆಗೆ ಹೇಳಿದ್ದ ಪರೀಕ್ಷೆಯ ಹೆಸರೇ ನಿಮ್ಹಾನ್ಸ್ ಬ್ಯಾಟರಿ. ನಮ್ಮ ಬೆಂಗಳೂರಿನಲ್ಲಿ ರೂಪಿಸಿದ್ದು. ಮೊದಲು ಮಕ್ಕಳ ವೈದ್ಯರು ನೋಡ್ತಾರೆ, ಆಮೇಲೆ ಕ್ಲಿನಿಕಲ್ ಸೈಕಾಲಜಿಸ್ಟ್ ಐಕ್ಯೂ ಪರೀಕ್ಷೆ ಮಾಡ್ತಾರೆ, ಅದಾದ ಮೇಲೆ ಓದು, ಬರಹ, ಲೆಕ್ಕದ ಪರೀಕ್ಷೆ. ಖಾಸಗಿಯಾಗಿ ಮಾಡಿಸೋದಾದರೆ, ಆ ಸೈಕಾಲಜಿಸ್ಟ್ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಆಗಿದ್ದಾರಾ ಅಂತ ಕೇಳಿ. ಕೇಳೋದು ಅವಮಾನ ಅಲ್ಲ.

ಅದೇ ಮಾರ್ಗಸೂಚಿ ಪ್ರಕಾರ ಸರ್ಟಿಫಿಕೇಟ್ ಕೊಡ್ತಿದ್ದದ್ದು ಎಂಟು ವರ್ಷ ತುಂಬಿದ ಮೇಲೆ. 14ಕ್ಕೆ ಒಮ್ಮೆ, 18ಕ್ಕೆ ಒಮ್ಮೆ ಮತ್ತೆ ತಪಾಸಣೆ ಆಗಬೇಕಿತ್ತು. 18ರಲ್ಲಿ ಕೊಟ್ಟಿದ್ದು ಜೀವನಪೂರ್ತಿಗೆ ಆಗುತ್ತಿತ್ತು.

"ಸರ್ಟಿಫಿಕೇಟ್ ಯಾಕೆ ಸರ್, ಮಗುವಿನ ಮೇಲೆ ಅಂಗವಿಕಲ ಅನ್ನೋ ಮುದ್ರೆ ಬೀಳಲ್ವಾ?" ಅಂತ ಪೋಷಕರು ಕೇಳ್ತಾರೆ. ಆತಂಕ ಅರ್ಥವಾಗುತ್ತೆ. ಆದರೆ ಮುದ್ರೆ ಆಗಲೇ ಬಿದ್ದಿದೆ, ಸೋಮಾರಿ ಅನ್ನೋ ಮುದ್ರೆ. ಅದರ ಬದಲು ಇದು ಹಕ್ಕು ಕೊಡೋ ಕಾಗದ. 2016ರ ಕಾಯ್ದೆಯ 17ನೇ ಸೆಕ್ಷನ್ ಓದಿ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡೋ ಸಹಾಯಕ, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ, ಇವನ್ನೆಲ್ಲ ಕೊಡಬೇಕು ಅಂತ ಹೆಸರಿಟ್ಟು ಬರೆದಿದೆ. ಮನೆಯಲ್ಲಿ ಓದೋ ಮಕ್ಕಳಲ್ಲಿ ಹೆಚ್ಚಿನವರು ಹತ್ತನೇ ತರಗತಿ ಕಟ್ಟೋದು ರಾಷ್ಟ್ರೀಯ ಮುಕ್ತ ಶಾಲೆ, ಎನ್‌ಐಓಎಸ್ ಮೂಲಕ. 14 ವರ್ಷ ಆಗಿರಬೇಕು. ಐದು ವಿಷಯ ಸಾಕು, ಅದರಲ್ಲಿ ಒಂದು ಭಾಷೆ ಇದ್ದರೆ ಸಾಕು. ಎಲ್ಲವನ್ನೂ ಒಂದೇ ಸಲ ಬರೆಯಬೇಕಿಲ್ಲ, ಐದು ವರ್ಷದಲ್ಲಿ ಒಂಬತ್ತು ಅವಕಾಶ ಇದೆ. ಡಿಸ್‌ಲೆಕ್ಸಿಯಾ ಇರೋ ಮಗುವಿಗೆ ಇದಕ್ಕಿಂತ ಅನುಕೂಲದ ಪರೀಕ್ಷೆ ಸಿಗೋದು ಕಷ್ಟ. ಆದರೆ ಅಲ್ಲೂ ಹೆಚ್ಚುವರಿ ಸಮಯ ಬೇಕು ಅಂದರೆ ಕಾಗದ ಬೇಕು. ಪರೀಕ್ಷೆಗೆ ತಿಂಗಳಿರುವಾಗ ಓಡಾಡಿದರೆ ಆ ಕಾಗದ ಕೈಗೆ ಬರಲ್ಲ.

ಈಗ ಮನೆಯಲ್ಲಿ ಮಾಡಬೇಕಾದ್ದು. ತಪಾಸಣೆ ಆದ ಮೇಲೆ ಮನೆಗಿಂತ ಒಳ್ಳೆಯ ಶಾಲೆ ಇಂಥ ಮಗುವಿಗೆ ಸಿಗೋದು ಅಪರೂಪ. ಗುರುತಿಸೋಕೆ ಮನೆ ಎಷ್ಟು ಕಷ್ಟದ ಜಾಗವೋ, ಕಲಿಸೋಕೆ ಅಷ್ಟೇ ಒಳ್ಳೆಯ ಜಾಗ. ನಲವತ್ತು ಮಕ್ಕಳ ಮುಂದೆ ತಡವರಿಸೋ ಅವಮಾನ ಇಲ್ಲಿಲ್ಲ.

ಪದವನ್ನ ಮೊದಲು ಕಿವಿಯಲ್ಲಿ ಬಿಡಿಸೋದನ್ನ ಕಲಿಸಿ. 'ಕಮಲ'ದಲ್ಲಿ ನಡುವಿನ ಅಕ್ಷರ ತೆಗೆದರೆ ಏನು ಉಳಿಯುತ್ತೆ? 'ನವಿಲು' ಅನ್ನೋದರಲ್ಲಿ ಎಷ್ಟು ಅಕ್ಷರ, ಚಪ್ಪಾಳೆ ತಟ್ಟಿ ಹೇಳು. ಪುಸ್ತಕವೇ ಬೇಡ, ಅಡುಗೆ ಮಾಡ್ತಾ ಆಡಬಹುದು. ಅಕ್ಷರಾಭ್ಯಾಸದ ದಿನ ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಬರೆಸ್ತೀವಲ್ಲ, ಹಿಂದೆ ಕೂಲಿಮಠದಲ್ಲಿ ಮರಳಿನ ಮೇಲೆ ತಿದ್ದಿಸ್ತಿದ್ದರಲ್ಲ, ಅದನ್ನೇ ಮತ್ತೆ ಶುರು ಮಾಡಿ. ಒಂದು ತಟ್ಟೆಯಲ್ಲಿ ರಾಗಿ ಹಿಟ್ಟು ಹರಡಿ. ಕಣ್ಣು ನೋಡ್ಲಿ, ಬೆರಳು ತಿದ್ದಲಿ, ಬಾಯಿ ಅದರ ಸದ್ದು ಹೇಳ್ಲಿ, ಮೂರೂ ಒಟ್ಟಿಗೆ ಆಗಲಿ. ಡಿಸ್‌ಲೆಕ್ಸಿಯಾ ತರಬೇತಿಯಲ್ಲಿ ದುಡ್ಡು ಕೊಟ್ಟು ಕಲಿಸೋ ವಿಧಾನದ ತಿರುಳೂ ಇದೇ. ಅಮೆರಿಕದ ಸ್ಯಾಮ್ಯುಯೆಲ್ ಆರ್ಟನ್, ಅನ್ನಾ ಗಿಲ್ಲಿಂಗ್‌ಹ್ಯಾಮ್ 1930ರ ದಶಕದಲ್ಲಿ ರೂಪಿಸಿದ್ದು. ಇವತ್ತು ಒಂದು ಕಾಗುಣಿತದ ಗುರುತು, ಅದು ಗಟ್ಟಿಯಾದ ಮೇಲೆ ಇನ್ನೊಂದು. ಒಂದು ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಎರಡು ಸಲ ಸಾಕು. ಆದರೆ ದಿನಾ ಆಗಬೇಕು.

ಓದೋದು ಮತ್ತು ತಿಳಿಯೋದು, ಎರಡನ್ನ ಬೇರೆ ಮಾಡಿ. ವಿಜ್ಞಾನ, ಸಮಾಜ ನೀವು ಓದಿ ಹೇಳಿ, ಆಡಿಯೋ ಕೇಳಿಸಿ, ಬಾಯಲ್ಲೇ ಉತ್ತರ ಪಡೀರಿ. ಮಗುವಿನ ತಿಳಿವಳಿಕೆ ಓದಿಗಾಗಿ ಕಾಯೋದು ಬೇಡ. ಆದರೆ ಓದಿನ ಪಾಠಕ್ಕೆ ಅಂತ ಬೇರೆ ಹೊತ್ತು ಇರಲೇಬೇಕು. ಅದನ್ನ ಬಿಟ್ಟರೆ ಬಸ್‌ಸ್ಟ್ಯಾಂಡಿನ ಕಥೆಯೇ ಆಗುತ್ತೆ. ಲೆಕ್ಕಕ್ಕೆ ಚೌಕಾಬಾರ, ಅಳಗುಳಿ ಮಣೆ ಇದೆ. ಅಂಗಡಿಗೆ ಕಳಿಸಿ, ಚಿಲ್ಲರೆ ಅವನೇ ತರಲಿ. ತಪ್ಪಾದ ಪದವನ್ನ ಹತ್ತು ಸಲ ಬರೆಸೋದು ಮಾತ್ರ ಬೇಡ. ನೋಡದೇ ಬರೆಯೋ ಹತ್ತು ಸಲದಲ್ಲಿ ಕೈ ಸೋಲುತ್ತೆ ಅಷ್ಟೇ, ತಲೆಗೆ ಹೋಗಲ್ಲ.

ಇನ್ನೊಂದು ವಿಷಯ. ಇದರ ಭಾರ ಎಲ್ಲ ಅಮ್ಮನ ತಲೆ ಮೇಲೆ ಬೀಳುತ್ತೆ. ಅಡುಗೆಯೂ ಅವರೇ, ಪಾಠವೂ ಅವರೇ, ಸಂಜೆ ಆಫೀಸಿಂದ ಬಂದ ಅಪ್ಪ "ಇವತ್ತೂ ಇಷ್ಟೇನಾ ಕಲಿಸಿದ್ದು?" ಅಂತ ಕೇಳ್ತಾರೆ. ಸ್ವಾಮಿ, ಕೇಳೋ ಬದಲು ಭಾನುವಾರದ ಉಕ್ತಲೇಖನ ನೀವು ತಗೊಳ್ಳಿ. ವಾರಕ್ಕೆ ಎರಡು ದಿನ ಹೊರಗಿನ ಸ್ಪೆಷಲ್ ಎಜುಕೇಟರ್ ಸಿಕ್ಕರೆ ಇನ್ನೂ ಒಳ್ಳೇದು. ಮಗುವಿಗೆ ಅಮ್ಮ ಅಮ್ಮನಾಗಿಯೂ ಸ್ವಲ್ಪ ಸಿಗಬೇಕು.

ಕೊನೆಯದಾಗಿ ಸರ್ಕಾರಕ್ಕೆ ಒಂದು ಮಾತು. ನಡುವಿನ ಜಾಗದಲ್ಲಿ ಒಂದು ನಷ್ಟ ಇದೆ ಅಂದೆನಲ್ಲ, ಅದು ಇದೇ. 2016ರ ಕಾಯ್ದೆ ಪ್ರಕಾರ ಐದು ವರ್ಷಕ್ಕೊಮ್ಮೆ ಅಂಗವೈಕಲ್ಯ ಗುರುತಿಸೋ ಸಮೀಕ್ಷೆ ಆಗಬೇಕು. ಯಾರ ಸಮೀಕ್ಷೆ? ಶಾಲೆಗೆ ಹೋಗೋ ಮಕ್ಕಳದ್ದು. 2018ರ ಮಾರ್ಗಸೂಚಿ ಪ್ರಕಾರ ಮೂರನೇ ತರಗತಿಯಲ್ಲಿ ಅಥವಾ ಎಂಟು ವರ್ಷಕ್ಕೆ ಪ್ರಾಥಮಿಕ ತಪಾಸಣೆ ಆಗಬೇಕಿತ್ತು. ಯಾರು ಮಾಡಬೇಕಿತ್ತು? ಶಾಲೆಯ ಶಿಕ್ಷಕರು. ಮನೆಯಲ್ಲಿ ಓದೋ ಮಗು ಎರಡೂ ಬಲೆಯಿಂದ ತಪ್ಪಿಸಿಕೊಂಡು ಹೋಗುತ್ತೆ. ನಮ್ಮ ರಾಜ್ಯದಲ್ಲಿ ಪ್ರತಿ ಬ್ಲಾಕ್‌ನ ಸಂಪನ್ಮೂಲ ಕೇಂದ್ರಕ್ಕೂ ವಿಶೇಷ ಮಕ್ಕಳಿಗಾಗಿ ಸಂಪನ್ಮೂಲ ಶಿಕ್ಷಕರು, ಬಿಐಇಆರ್‌ಟಿ ಅಂತ ಹುದ್ದೆಗಳಿವೆ. ಎಂಟು ವರ್ಷ ತುಂಬಿದ ಯಾವುದೇ ಮಗುವನ್ನ, ಶಾಲೆಯ ದಾಖಲಾತಿ ಇರಲಿ ಬಿಡಲಿ, ಅವರ ಹತ್ತಿರ ಕರೆದುಕೊಂಡು ಹೋದರೆ ತಪಾಸಣೆ ಮಾಡಿ ಮುಂದಕ್ಕೆ ಕಳಿಸೋ ವ್ಯವಸ್ಥೆ ಯಾಕೆ ಮಾಡಬಾರದು? ಯಾಕೆ ಶಾಲೆಗೆ ಕಳಿಸಿಲ್ಲ ಅನ್ನೋ ಪ್ರಶ್ನೆಗೆ ಹೆದರಿ ಒಬ್ಬ ತಾಯಿ ಮಗುವನ್ನ ತಪಾಸಣೆಗೇ ಕರೆತರದಿದ್ದರೆ, ಆ ಕಾಯ್ದೆಯಿಂದ ಮಗುವಿಗೆ ಏನು ಬಂತು?

ಮನೆಯಲ್ಲೇ ಓದಿಸೋದು ಸರಿಯೋ ತಪ್ಪೋ ಅನ್ನೋ ಚರ್ಚೆ ಇನ್ನೊಂದು ದಿನ ಮಾಡೋಣ. ಇವತ್ತು ನಿಮ್ಮಲ್ಲಿ ಕೇಳೋದು ಒಂದೇ. ಈ ಭಾನುವಾರ ಮಗುವನ್ನ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅದು ಹಿಂದೆ ನೋಡಿರದ ಒಂದು ಪುಟ ಕೊಟ್ಟು ಗಟ್ಟಿಯಾಗಿ ಓದೋಕೆ ಹೇಳಿ. ನೀವು ಬಾಯಿ ತೆರೆಯಬೇಡಿ, ಸುಮ್ಮನೆ ಕೇಳಿ. ಓದೋಕಾಗದೆ ಮಗು ನಿಮ್ಮ ಮುಖ ನೋಡಿದರೆ ಬೈಬೇಡಿ, ತಲೆ ಸವರಿ. ಸೋಮವಾರ ಬೆಳಿಗ್ಗೆ ಡಾಕ್ಟರ್‌ಗೆ ಫೋನ್ ಮಾಡಿ.